ನೀಲಿ ಡಯಲಿನ ವರ

ಡೊಂಬಿವಲಿಯ ಮನೆಗೆ ನನ್ನನ್ನು ನೋಡಲು ಬಂದ ಮೊದಲ ಇಬ್ಬರು ವರರ ಕೈಯಲ್ಲೂ ಒಂದೇ ಸ್ವಿಸ್ ವಾಚು: ಬಿಳಿ ಡಯಲ್, ಚಿನ್ನದ ಬಣ್ಣದ ಚೈನು. ಅದು ಕೋಪರಿಯ ಒಬ್ಬ ಹೋಟೆಲ್ ಮಾಲೀಕರದ್ದು. ಅಲ್ಲಿ ಉಣ್ಣುವ ನಮ್ಮ ಕಡೆಯ ಹುಡುಗರೆಲ್ಲ ಹೆಣ್ಣು ನೋಡಲು ಹೊರಟರೆ ಅದನ್ನೇ ಕೇಳಿ ಕಟ್ಟಿಕೊಳ್ಳುತ್ತಿದ್ದರು. ಮಾಲೀಕರದ್ದು ದಪ್ಪ ಕೈ. ಹಾಗಾಗಿ ಕಾಫಿ ಲೋಟ ಎತ್ತಿದ ಕೂಡಲೇ ವಾಚು ವರನ ಮೊಣಕೈಗೆ ಜಾರುತ್ತಿತ್ತು, ಅದರ ಜೊತೆಗೆ ಅವನ ಗತ್ತೂ. ಇಬ್ಬರನ್ನೂ ಬೇಡವೆಂದೆ.

ಮೂರನೆಯವನ ಕೈಯಲ್ಲಿ ನೀಲಿ ಡಯಲ್ ಕಂಡು ಅಮ್ಮ, "ಇದು ಬೇರೆ ಮಾರಾಯ್ತಿ, ಸ್ವಂತದ್ದೇ ಇರಬೇಕು" ಎಂದು ಪಿಸುಗುಟ್ಟಿದರು. ಅವನು ಲೋಟ ಎತ್ತಿದ. ವಾಚು ಸರ್ರನೆ ಮೊಣಕೈಗೆ ಹೋಯಿತು.

"ಇದು ಮೊನ್ನೆ ಬಿಳಿ ಇತ್ತಲ್ಲ?" ಎಂದೆ. ಅಪ್ಪ ಕೆಮ್ಮಿದರು.

"ಹೌದು. ಬಿಳಿಯನ್ನು ನೀವು ಎರಡು ಸಲ ಬೇಡ ಹೇಳಿದ್ರಂತೆ. ಅದಕ್ಕೇ ಮಾಲೀಕರನ್ನು ಒಪ್ಪಿಸಿ ಡಯಲ್ ಬದಲಾಯಿಸಿದ್ದು" ಎಂದ.

ಅವನನ್ನೇ ಮದುವೆಯಾದೆ. ಮರುವರ್ಷ ನನ್ನ ತಮ್ಮ ಹೆಣ್ಣು ನೋಡಲು ಹೊರಟಾಗ ಮಾಲೀಕರ ಬಳಿಗೆ ನಾನೇ ಹೋದೆ.

"ವಾಚು ಬೇಕಿತ್ತು. ಆ ಮನೆಯವರು ನೀಲಿಯನ್ನೂ ನೋಡಿ ಆಗಿದೆಯಂತೆ. ಹಸಿರು ಹಾಕಿಸ್ಲಾ?"