ಆರು ಗುಂಡು ಸಾಲದಂತೆ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ರಿವಾಲ್ವರ್ ಪೊಲೀಸ್ ಠಾಣೆ ಸೇರಿತು. ಲೈಸೆನ್ಸ್ ಅವರ ಹೆಸರಿನಲ್ಲಿತ್ತು, ಕಾನೂನು ಹಾಗೇ. ನನ್ನ ಹೆಸರಿಗೆ ಮಾಡಿಕೊಡಿ ಅಂತ ನಾನು ಅರ್ಜಿ ಹಾಕಿದೆ. ಹುಲ್ಲಹಳ್ಳಿ ಆಚೆ, ನಾಲೆ ಏರಿ ಪಕ್ಕದಲ್ಲಿ ನಮ್ಮ ತೋಟದ ಮನೆ. ಸುತ್ತ ಕಬ್ಬು, ಗದ್ದೆ. ಕೂಗಿದರೆ ಓಗೊಡೋಕೆ ಹತ್ತಿರದಲ್ಲಿ ಇನ್ನೊಂದು ಮನೆಯಿಲ್ಲ. ಒಬ್ಬಳೇ ಆದರೂ ಸರಿ, ಅಲ್ಲೇ ಇರ್ತೀನಿ ಅನ್ನೋದು ನನ್ನ ಹಟ.

ಮೈದುನ ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಾನು ಮನೆಗೆ ಬೀಗ ಹಾಕಿ ಅವನ ಮಹಡಿ ಮೇಲಿನ ರೂಮಿಗೆ ಬರಬೇಕು, ಗದ್ದೆ ತೋಟ ಅವನು ನೋಡಿಕೊಳ್ಳಬೇಕು, ಇದು ಅವನ ಆಸೆ. ಬಾಯಿಬಿಟ್ಟು ಹಾಗನ್ನಲಿಲ್ಲ, ಜಾಣ. "ರಿವಾಲ್ವರ್ ಮಡಿಕೊಳಿ ಅತ್ಗೆ, ನಾನೇನು ಬ್ಯಾಡ ಅಂದ್ನಾ? ಆದ್ರೆ ಆರು ಗುಂಡು ಯಾವ ಮೂಲೆಗೆ? ಈಗ ಎಂಟು ಗುಂಡಿನವು ಬಂದವೆ" ಅಂದ.

ಅಲ್ಲಿಂದ ಶುರುವಾಯಿತು ನೋಡಿ. ಮನೆಗೆ ಬಂದರೂ ಅದೇ, ಫೋನ್ ಮಾಡಿದರೂ ಅದೇ. ನಾಲ್ಕು ಜನ ನುಗ್ಗಿದರೆ? ಗಾಬರಿಯಲ್ಲಿ ಗುರಿ ತಪ್ಪಿದರೆ? ಏಳನೇ ಸಲಕ್ಕೆ ಬರೀ ಟಿಕ್ ಅಂದರೆ? ಸುಳ್ಳು ಯಾಕೆ ಹೇಳಲಿ, ಕೇಳೀ ಕೇಳೀ ಆರು ಸಾಲದೇನೋ ಅಂತ ನನಗೂ ಅನ್ನಿಸಿತು. ನೋಡಿಯೇ ಬಿಡೋಣ ಅಂತ ಅವನ ಜೊತೆ ಮೈಸೂರಿನ ಬಂದೂಕಿನ ಅಂಗಡಿಗೆ ಹೋದೆ.

ಅಂಗಡಿಯವರು ಎರಡನ್ನು ಗಾಜಿನ ಮೇಲಿಟ್ಟರು. ಒಂದು ನಮ್ಮ ಮನೆಯದರಂಥದೇ, ಆರು ಗುಂಡಿನದು. ಹಿಡಿದರೆ ಕೈತುಂಬ ಕೂರುತ್ತಿತ್ತು. ಇನ್ನೊಂದು ಎಂಟು ಗುಂಡಿನದು, ಪುಟ್ಟದು, ಹಗುರ. ಆದರೆ ಅದರ ಗುಂಡು ಬಟಾಣಿಗಿಂತ ಸಣ್ಣದು. ಸಣ್ಣದಾದ್ದರಿಂದಲೇ ಅಷ್ಟು ಜಾಗದಲ್ಲಿ ಎಂಟು ಹಿಡಿಸುತ್ತವೆ. ಮೈದುನ ಮೂಗು ಮುರಿದ. "ಇದ್ರಲ್ಲಿ ಗುಬ್ಬಿ ಹೊಡೀಬೋದು, ಅಷ್ಟೆಯ." ಫೋನ್ ತೆಗೆದು ಒಂದು ವಿಡಿಯೋ ತೋರಿಸಿದ. ದಪ್ಪ ಗುಂಡಿನದೇ, ಎಂಟು ಹಿಡಿಸುವಂಥದು, ಫಾರಿನ್ನಿನದು. ಅದನ್ನು ಹಿಡಿದಿದ್ದವನ ತೋಳು ನನ್ನ ಸೊಂಟದಷ್ಟಿತ್ತು. ಅಂಗಡಿಯವರು ನಕ್ಕು, "ಅದು ಇಲ್ಲಿ ಸಿಗಲ್ಲ ಸಾ" ಅಂದರು.

"ಹಂಗಾದ್ರೆ ಮನೆಗೆ ಬೀಗ ಹಾಕೋದೇ ವಾಸಿ ಅತ್ಗೆ" ಅಂದ ಮೈದುನ, ತಟಕ್ಕನೆ.

ಆಹಾ! ಕೈಗೆ ಸಿಗೋ ಎಂಟು ಕೆಲಸಕ್ಕೆ ಬಾರದ್ದು, ಕೆಲಸಕ್ಕೆ ಬರೋ ಎಂಟು ಕೈಗೇ ಸಿಗದು. ಬಸ್ಸಿನಲ್ಲಿ ನಂಜನಗೂಡು ಬರೋವರೆಗೂ ನಾನು ಅದನ್ನೇ ಯೋಚಿಸಿದೆ. ಎದುರಿಗೆ ನಿಂತವನಿಗೆ ಮೊದಲ ಆರು ತಾಗಲಿಲ್ಲ ಅಂದರೆ ಏಳನೆಯದು ತಾಗುತ್ತಾ? ಅಲ್ಲೀಗಂಟ ಅವನೇನು ಕಡ್ಲೇಪುರಿ ತಿಂತಾ ನಿಂತಿರ್ತಾನಾ? ನನ್ನ ಮೂಗಿನ ನೇರಕ್ಕೆ ನಾನೇ ತೀರ್ಮಾನ ಮಾಡಿದೆ. ಆರೇ ಸಾಕು. ತರಬೇತಿಗೆ ಹೋದೆ, ಕಿವಿ ಗುಂಯ್ ಅನ್ನುವವರೆಗೆ ಹೊಡೆದೆ, ಸರ್ಟಿಫಿಕೇಟ್ ತಂದೆ. ಓಡಾಡೀ ಓಡಾಡೀ ಕಡೆಗೆ ಲೈಸೆನ್ಸೂ ಬಂತು, ರಿವಾಲ್ವರೂ ಮನೆಗೆ ಬಂತು. ಮೈದುನ ಮುಖ ಊದಿಸಿಕೊಂಡ.

ಅಷ್ಟರಲ್ಲಿ ಎಲೆಕ್ಷನ್ ಬಂತು. ನಮ್ಮ ಕಡೆ ಎಲೆಕ್ಷನ್ ಅಂದರೆ ಲೈಸೆನ್ಸ್ ಇರೋ ಬಂದೂಕು, ರಿವಾಲ್ವರ್ ಎಲ್ಲ ಠಾಣೆಯಲ್ಲಿಡಬೇಕು, ಮುಗಿದ ಮೇಲೆ ವಾಪಸ್ ತರಬೇಕು. ನಾನೂ ಹೋಗಿ ಇಟ್ಟುಬಂದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಲಗೇಜ್ ಆಟೋ! ಹಗ್ಗ, ಗೋಣಿಚೀಲ ಸಮೇತ ಮೈದುನ ಇಳಿದ.

"ಈಗ ಆರೂ ಇಲ್ವಲ್ಲ ಅತ್ಗೆ. ಸಾಮಾನು ಕಟ್ಟಿ, ಒಂಟೋಗವ."

ನನಗೆ ಮೈಯೆಲ್ಲ ಉರಿದುಹೋಯಿತು.

"ಅಲ್ಲಪ್ಪ, ನಿಮ್ಮಣ್ಣ ಇದ್ದಾಗ ಎಲೆಕ್ಷನ್ ಬರ್ತಿರಲಿಲ್ವಾ? ಪಂಚಾಯ್ತಿದು, ಎಮ್ಮೆಲ್ಲೆದು, ಎಂಪಿದು, ಒಂದೊಂದಕ್ಕೂ ಅವರು ಠಾಣೆಗೆ ಕೊಟ್ಟು ಬರ್ತಿದ್ರು. ಬರಿಗೈಲೇ ಈ ಜಗಲಿ ಮೇಲೆ ಮಲಗ್ತಿದ್ರು. ಆಗ ಒಂದು ಸಲನಾದ್ರೂ ಆಟೋ ತಂದಿದ್ಯಾ? ಅಣ್ಣಾ, ಆರು ಸಾಲದು, ಎಂಟು ಬೇಕು ಅಂದಿದ್ಯಾ?"

"ಅವನು ಗಂಡಸು ಅತ್ಗೆ" ಅಂದ, ನೆಲ ನೋಡಿಕೊಂಡು.

"ಹಂಗೆ ಬಾ ದಾರಿಗೆ! ಮೈಸೂರಿಗೆ ಯಾಕೆ ಕರಕೊಂಡೋದೆ ಮತ್ತೆ? ನಾಳೆ ನಾನು ಹತ್ತು ಗುಂಡಿನದು ತಂದ್ರೂ ನೀನು ಹನ್ನೆರಡು ಬೇಕು ಅಂತೀಯ. ನಾನು ಈ ಮನೆ ಬಿಟ್ಟು ಎಲ್ಲಿಗೂ ಬರಲ್ಲ. ಠಾಣೆಯವರು ರಿವಾಲ್ವರ್ ವಾಪಸ್ ಕೊಡಲಿ, ಬಿಡಲಿ."

ಅವನು ಹಗ್ಗವನ್ನು ಕೈಗೆ ಸುತ್ತುತ್ತಾ ನಿಂತೇ ಇದ್ದ. ಪಾಪ, ಆಟೋದವನಿಗೆ ಇದೊಂದೂ ಗೊತ್ತಿಲ್ಲ. ಹಿಂದಿನ ಬಾಗಿಲು ಇಳಿಸಿ, "ಮೊದ್ಲು ಏನು ಏರ್ಸಣವ್ವ?" ಅಂತ ನನ್ನನ್ನೇ ಕೇಳಿದ.

"ಇವರೊಬ್ಬರನ್ನ ಏರ್ಸ್ಕೊಂಡು ಹೊರಡಪ್ಪಾ" ಅಂದೆ.