ಗೊಬ್ಬರಗುಂಡಿ ಒಪ್ಪದ ಎಲೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕಸದ ಬುಟ್ಟಿಯೇ ಇರಲಿಲ್ಲ. ಹೀಗೆಂದರೆ ನನ್ನ ಮೊಮ್ಮಕ್ಕಳು ಮೂಗು ಮುರಿಯುತ್ತಾರೆ. ಅಜ್ಜನ ಕಾಲದವರು ಗಲೀಜು ಜನ ಅಂದುಕೊಳ್ಳುತ್ತಾರೆ. ಗಲೀಜು ಯಾರು ಅನ್ನುವುದನ್ನು ಆಮೇಲೆ ನೋಡೋಣ. ಮುತ್ತಿನಕೊಪ್ಪದ ಹತ್ತಿರದ ನಮ್ಮ ಮನೆಯ ಹಿಂದೆ ಒಂದು ಗೊಬ್ಬರಗುಂಡಿ ಇತ್ತು. ಸಗಣಿ, ಒಲೆಯ ಬೂದಿ, ತರಕಾರಿ ಸಿಪ್ಪೆ, ಹರಿದ ಚಾಪೆ, ಉಂಡ ಬಾಳೆಎಲೆ ಎಲ್ಲವೂ ಅದಕ್ಕೇ. ಬೆಲ್ಲ ಕಟ್ಟಿಕೊಟ್ಟ ಎಲೆ, ಅದಕ್ಕೆ ಬಿಗಿದ ಬಾಳೆನಾರು ಕೂಡ ಅದಕ್ಕೇ. ವರ್ಷ ಕಳೆದು ಗುಂಡಿ ತೆಗೆದರೆ ಒಳಗೆ ಕರಿ ಪುಡಿಪುಡಿ ಗೊಬ್ಬರ. ಮುಟ್ಟಿದರೆ ಬೆಚ್ಚಗೆ, ಮೂಸಿದರೆ ಮಣ್ಣಿನ ವಾಸನೆ. ಯಾವುದು ಏನಾಗಿತ್ತು ಎಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಈ ಗುಂಡಿಗೆ ಮೊದಲ ಸಲ ಅವಮಾನ ಮಾಡಿದ್ದು ನಮ್ಮ ಅಪ್ಪ. ಅಕ್ಕನ ನಿಶ್ಚಿತಾರ್ಥಕ್ಕೆ ಬಾಳಗಡಿಯಿಂದ ಗಂಡಿನ ಕಡೆಯವರು ಬರುವುದಿತ್ತು. ಅವರು ಕೊಪ್ಪ ಪೇಟೆಗೆ ತಾಗಿದ ಊರಿನವರು, ಅವರೆದುರು ನಾವು ಹಳ್ಳಿಗುಗ್ಗುಗಳಂತೆ ಕಾಣಬಾರದು ಎಂದು ಅಪ್ಪನಿಗೆ ಚಿಂತೆ. ಬಸ್ಸು ಹತ್ತಿ ಎನ್.ಆರ್. ಪುರಕ್ಕೆ ಹೋಗಿ ಒಂದು ಕಟ್ಟು ಪ್ಲಾಸ್ಟಿಕ್ ಎಲೆ ತಂದ. ಬಾಳೆಎಲೆಯದೇ ಆಕಾರ, ನಡುದಂಟಿನ ಅಚ್ಚು, ಗಿಳಿಹಸಿರು ಬಣ್ಣ. ಬಿಚ್ಚಿದರೆ ಸೀಮೆಎಣ್ಣೆ ಡಬ್ಬಿ ತೆರೆದ ಹಾಗೆ ವಾಸನೆ.

"ಹಿತ್ಲು ತುಂಬಾ ಬಾಳೆ ಇಟ್ಕಂಡು ಇದೆಂತಕ್ಕೋ?" ಅಂದಳು ಅಜ್ಜಿ. ಅವಳು ಅಪ್ಪನ ತಾಯಿ. ಅವಳ ಬಾಯಿಗೆ ಇಡೀ ಊರೇ ಹೆದರುತ್ತಿತ್ತು.

"ಈಗ ಪೇಟೇಲೆಲ್ಲ ಇದೇ ಅಮ್ಮ. ತೊಳೆಯಂಗಿಲ್ಲ, ತಿಕ್ಕಂಗಿಲ್ಲ."

"ಉಂಡ ಬಾಳೆಎಲೇನ ನಿಮ್ಮಪ್ಪ ತಿಕ್ಕಿ ತೊಳೀತಿದ್ರಾ?"

ಅಪ್ಪ ಎಲೆಕಟ್ಟು ಎತ್ತಿಕೊಂಡು ಒಳಗೆ ಹೋದ. ನಿಶ್ಚಿತಾರ್ಥದ ದಿನ ಪಂಕ್ತಿ ಕೂತಿತು. ಬಿಸಿ ಸಾರು ಬಿದ್ದದ್ದೇ ತಡ, ಎಲೆ ಮುದುರಿಕೊಂಡು ಸಾರನ್ನೆಲ್ಲ ಉಣ್ಣಲು ಕೂತವರ ಪಂಚೆಗೇ ಬಡಿಸಿತು. ಗಂಡಿನ ಅಪ್ಪ ಹಿತ್ತಲ ಕಡೆ ಕತ್ತು ಚಾಚಿ ನೋಡಿ, "ಎಂತ ಮಾರಾಯ್ರೆ, ನಿಮ್ಮ ಬಾಳೆಗೆ ರೋಗ ಬಂದದ್ಯಾ?" ಎಂದು ಮರುಕದಿಂದಲೇ ಕೇಳಿದರು. ಪೇಟೆಯವರ ಕಣ್ಣಿಗೆ ದೊಡ್ಡವನಾಗಲು ಹೊರಟವನ ಮುಖ ಆಗ ಹೇಗಿತ್ತೆಂದು ನಾನು ಹೇಳುವುದಿಲ್ಲ, ಎಷ್ಟಾದರೂ ಅಪ್ಪ. ಊಟ ಮುಗಿದ ಮೇಲೆ ಎಲೆ ಎತ್ತಿದವರು ಎಂದಿನಂತೆ ಎಲ್ಲವನ್ನೂ ಗೊಬ್ಬರಗುಂಡಿಗೆ ಹಾಕಿದರು. ಉಂಡ ಎಲೆ ಹೋಗುವುದು ಅಲ್ಲಿಗೇ. ಬೇರೆ ಜಾಗ ಇರುತ್ತದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಮೇಲೆ ಸಗಣಿ ಬಿತ್ತು, ಸೊಪ್ಪು ಬಿತ್ತು, ಎಲ್ಲರೂ ಮರೆತರು.

ನಾನು ಹೇಳಹೊರಟದ್ದು ಮರುವರ್ಷದ ಒಂದು ದಿನದ ವಿಷಯ. ನಾಟಿಗೆ ಬೇಕಾದ ಭತ್ತದ ಸಸಿ ಬೆಳೆಸುವ ತುಂಡುಗದ್ದೆಗೆ ನಮ್ಮಲ್ಲಿ ಅಗೆಮಡಿ ಅನ್ನುತ್ತಾರೆ. ಆ ದಿನ ಅಗೆ ಹಾಕುವುದಿತ್ತು. ಬೀಜದ ಭತ್ತವನ್ನು ನೆನೆಸಿ, ಬುಟ್ಟಿಯಲ್ಲಿ ಸೊಪ್ಪು ಮುಚ್ಚಿ, ಮೇಲೆ ಕಲ್ಲು ಹೇರಿ ಇಟ್ಟದ್ದು ಬಿಳಿ ಮೊಳಕೆ ಒಡೆದಿತ್ತು. ಬುಟ್ಟಿಯೊಳಗೆ ಕೈ ಇಟ್ಟರೆ ಜ್ವರ ಬಂದವರ ಹಣೆ ಮುಟ್ಟಿದಂತೆ ಬಿಸಿ. ಮೊಳೆತ ಬೀಜ ಕಾಯುವುದಿಲ್ಲ. ಅಂದು ಸಂಜೆಯೊಳಗೆ ಮಡಿಗೆ ಬೀಳದಿದ್ದರೆ ಬುಟ್ಟಿಯಲ್ಲೇ ಕೊಳೆಯುತ್ತದೆ, ಮನೆಯವರ ವರ್ಷದ ಅನ್ನ ಅಲ್ಲಿಗೆ ಮುಗಿಯುತ್ತದೆ.

ಬೆಳಿಗ್ಗೆ ಗುಂಡಿಯ ಗೊಬ್ಬರವನ್ನು ಗುದ್ದಲಿಯಲ್ಲಿ ಕೊಚ್ಚಿ, ಹೊತ್ತು ತಂದು ಮಡಿಗೆ ಸುರಿದೆವು. ಅಪ್ಪ ನೀರು ಬಿಟ್ಟು ಕಲಸಿದ. ಗೊಬ್ಬರ ಮುಳುಗಿತು. ಅದರ ನಡುವಿನಿಂದ ಗಿಳಿಹಸಿರು ಚೂರುಗಳು ಒಂದೊಂದಾಗಿ ಮೇಲೆದ್ದು ತೇಲತೊಡಗಿದವು. ಆ ಚೂರುಗಳು ಕೆಸರಿನಲ್ಲೂ ನಾಚಿಕೆಯಿಲ್ಲದೆ ಹೊಳೆಯುತ್ತಿದ್ದವು. ಸಗಣಿ ಅವನ್ನು ಮೂಸಿಯೂ ನೋಡಿರಲಿಲ್ಲ, ಎರೆಹುಳು ಬಾಯಿಟ್ಟಿರಲಿಲ್ಲ.

ಅಜ್ಜಿ ಬದುವಿನ ಮೇಲೆ ನಿಂತು ನೋಡಿದಳು. "ನಿನ್ನ ಪೇಟೆ ಗದ್ದೆಗೇ ಬಂದದೆ ನೋಡು, ಮಾರಾಯ."

ಮದುವೆಯಾಗಿ ತವರಿಗೆ ಬಂದಿದ್ದ ಅಕ್ಕನೂ ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿದಳು. ಅಮ್ಮ, ಅಪ್ಪ, ನಾನು, ನಾಲ್ವರೂ ಸೊಂಟ ಬಗ್ಗಿಸಿ ಹೆಕ್ಕಿದೆವು. ತೇಲಿದ್ದು ಸುಲಭಕ್ಕೆ ಸಿಕ್ಕಿತು. ಕೆಸರಿನೊಳಗೆ ಸಿಕ್ಕಿಕೊಂಡದ್ದನ್ನು ಬೆರಳು ಆಡಿಸಿ ಹುಡುಕಬೇಕಿತ್ತು, ಸಿಕ್ಕರೂ ಜಾರುತ್ತಿತ್ತು. ಬೆನ್ನು ಸುಡುತ್ತಿತ್ತು, ಉಗುರು ಸಂದಿಯೆಲ್ಲ ಉರಿ. ಬದುವಿನ ಮೇಲೆ ಬೀಜದ ಬುಟ್ಟಿಯಿಂದ ಹುಳಿವಾಸನೆ ಶುರುವಾದಾಗ ಅಪ್ಪ ಎರಡೂ ಕೈಯಲ್ಲಿ ಕೆಸರು ಬಾಚತೊಡಗಿದ. ಅಕ್ಕ ಒಂದು ಚೂರು ಎತ್ತಿ ಹಿಡಿದು, "ನನ್ನ ಮದ್ವೆ ಹಳತಾತು, ಇದಿನ್ನೂ ಹೊಸದೇ ಅದೆ," ಅಂದಳು. ಅವಳು ನಗಿಸಲು ಹೇಳಿದ್ದು. ನಾವು ತಲೆ ಎತ್ತದೆ ಹೆಕ್ಕುತ್ತಲೇ ಇದ್ದೆವು.

ಹೊತ್ತು ಮುಳುಗುವ ಮುಂಚೆ ಅಜ್ಜಿ, "ಸಾಕು, ಇನ್ನು ಬೀಜ ಸಾಯ್ತದೆ," ಎಂದು ತಾನೇ ಬುಟ್ಟಿ ಎತ್ತಿಕೊಂಡು ಬಿತ್ತಿದಳು. ಹೆಕ್ಕಿದ ಎಲೆಚೂರು ಗೋಣಿಯಲ್ಲಿ ತುಂಬಿತ್ತು. ಅದನ್ನು ಎಲ್ಲಿಗೆ ಹಾಕುವುದು? ಅಪ್ಪ ಒಂದು ಹಿಡಿಗೆ ಬೆಂಕಿ ಇಟ್ಟ. ಕಪ್ಪು ಹೊಗೆ ಎದ್ದು ಎಲ್ಲರಿಗೂ ಕೆಮ್ಮು ಬಂತು, ಅಜ್ಜಿ ಕಾಲಿನಿಂದ ನೀರು ಚಿಮ್ಮಿ ಆರಿಸಿದಳು. ಹೊಳೆಗೆ ಬಿಡಲೇ ಎಂದು ಅಪ್ಪ ಕೇಳಿದ. "ಹೊಳೆ ನಿನ್ನ ಎಂಜಲು ಹೊರಾಕೆ ಅದ್ಯಾ?" ಅಂದಳು. ಅಷ್ಟು ದೊಡ್ಡ ಊರಿನಲ್ಲಿ ಒಂದು ಗೋಣಿ ಎಲೆಗೆ ಜಾಗ ಸಿಗಲಿಲ್ಲ. ಕೊನೆಗೆ ಅಪ್ಪ ಬದುವಿನ ತುದಿಯಲ್ಲಿ ಗುಂಡಿ ತೋಡಿ, ಕದ್ದ ಮಾಲು ಬಚ್ಚಿಡುವವನಂತೆ ಗೋಣಿ ಸಮೇತ ಹೂತ.

ಅಗೆ ಎದ್ದಿತು, ಆದರೆ ಅಲ್ಲಲ್ಲಿ ಬೋಳು. ಕೆಸರಲ್ಲಿ ಉಳಿದ ಚೂರಿನ ಮೇಲೆ ಬಿದ್ದ ಬೀಜ ಬೇರು ಬಿಡಲಾಗದೆ ಒಣಗಿತ್ತು. ಸಸಿ ಸಾಲದೆ ಕೊನೆಯ ಗದ್ದೆ ಆ ವರ್ಷ ಖಾಲಿ ಬಿತ್ತು. ಅಪ್ಪ ಆಮೇಲೆ ಸಾಯುವವರೆಗೂ ಬಾಳೆಎಲೆ ಬಿಟ್ಟು ಬೇರೆಯದರಲ್ಲಿ ನೆಂಟರಿಗೆ ಬಡಿಸಲಿಲ್ಲ.

ಮೊನ್ನೆ ಕೊಪ್ಪದಲ್ಲಿ ಮೊಮ್ಮಗಳ ಹುಟ್ಟುಹಬ್ಬ. ಪರಿಸರ ಉಳಿಸಬೇಕೆಂದು ಅಡಿಕೆ ಹಾಳೆಯ ತಟ್ಟೆ ತರಿಸಿದ್ದರು. ಬಹಳ ಒಳ್ಳೆಯದು. ಪ್ರತಿ ಕಟ್ಟಿಗೂ ಪ್ಲಾಸ್ಟಿಕ್ ಕವರು. ನೀರು ಗೇಣುದ್ದದ ಬಾಟಲಿಯಲ್ಲಿ. ಎರಡು ಗುಟುಕು ಕುಡಿದು ಬಿಸಾಡುವುದು. ಮೇಜಿನ ಮೇಲೆ ಹಾಸಿದ್ದೂ ಪ್ಲಾಸ್ಟಿಕ್. ಸಂಜೆ ಎಲ್ಲವನ್ನೂ ಕರಿ ಚೀಲಕ್ಕೆ ತುಂಬಿ ಗಾಡಿಗೆ ಕೊಟ್ಟು ಕೈ ತೊಳೆದುಕೊಂಡರು. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. "ಗಾಡಿಯವ್ರು ತಗಂಡು ಹೋಗ್ತಾರೆ ಅಜ್ಜ," ಅಂದಳು ಮೊಮ್ಮಗಳು. ನಮ್ಮ ಅಪ್ಪನಿಗೆ ಬಚ್ಚಿಡುವಷ್ಟಾದರೂ ನಾಚಿಕೆ ಇತ್ತು.

ರಜೆಗೆ ಅವಳು ಊರಿಗೆ ಬಂದಾಗ ಹಲಸಿನ ಸಸಿ ನೆಡಲು ಇಬ್ಬರೂ ಅದೇ ಬದುವಿನ ತುದಿಯಲ್ಲಿ ಗುಂಡಿ ತೆಗೆದೆವು. ಹಾರೆಗೆ ಗೋಣಿಯ ಒಂದು ಎಳೆಯೂ ಸಿಗಲಿಲ್ಲ, ಎಂದೋ ಮಣ್ಣಾಗಿತ್ತು. ಸಿಕ್ಕಿದ್ದು ಗಿಳಿಹಸಿರು. ಒಂದು ಎಲೆಯಂತೂ ಅಂದು ಗೊಬ್ಬರ ಕೊಚ್ಚಿದ ಗುದ್ದಲಿಯ ಏಟಿಗೂ ಸಿಗದೆ ಇಡಿಯಾಗಿ ಉಳಿದುಕೊಂಡಿತ್ತು. ಅವಳು ಓಡಿಹೋಗಿ ನಲ್ಲಿಯಲ್ಲಿ ತೊಳೆದು ತಂದಳು. ನಡುದಂಟಿನ ಅಚ್ಚು ಕೂಡ ಮಾಸಿರಲಿಲ್ಲ.

"ಅಜ್ಜ, ಇದ್ರಲ್ಲಿ ಈಗ್ಲೂ ಊಟ ಮಾಡ್ಬೌದಾ?"

ಅಜ್ಜಿ ಮಣ್ಣಾದಳು, ಅಪ್ಪ ಮಣ್ಣಾದ. ಅಕ್ಕನ ತಲೆ ಬೆಳ್ಳಗಾಗಿದೆ. ಅವಳ ನಿಶ್ಚಿತಾರ್ಥದ ಎಲೆ ಮಾತ್ರ ಮುಂದಿನ ಪಂಕ್ತಿಗೆ ತಯಾರಾಗಿ ಮೊಮ್ಮಗಳ ಕೈಯಲ್ಲಿ ನೀರು ತೊಟ್ಟಿಕ್ಕುತ್ತಾ ನಿಂತಿತ್ತು.