ಸೋಡಾ ತಿಂದ ಗಾಲಿ

ಗಾಲಿಗಳು ಚಂದ ಕಾಣಲಿ ಅಂತ ಬಣ್ಣ ತೆಗೆಯುತ್ತಿದ್ದೇನೆ ಎಂದು ಹೆಂಡತಿಗೆ ಹೇಳಿದ್ದೆ. ಅಪ್ಪನ ಕಾರಿನ ಅಲ್ಯೂಮಿನಿಯಂ ಗಾಲಿಗಳು ಅವು. ಮೇಲಿನ ಪಾರದರ್ಶಕ ಲೇಪ ಅಲ್ಲಲ್ಲಿ ಎದ್ದು, ಒಳಗೆ ಹುಳು ಹರಿದಂತೆ ಬಿಳಿ ಗೆರೆಗಳು ಮೂಡಿದ್ದವು. ಆದ್ದರಿಂದ ನನ್ನ ಮಾತು ಸುಳ್ಳೇನೂ ಆಗಿರಲಿಲ್ಲ. ಆದರೆ ನನಗೆ ಬೇಕಾಗಿದ್ದುದು ಆ ಬಣ್ಣದ ಕೆಳಗಿನ ಒಂದು ಕಪ್ಪು ಕಲೆ. ಅದು ಅಲ್ಲಿರಬೇಕು ಎಂದು ನನ್ನ ನೆನಪು ಹೇಳುತ್ತಿತ್ತು.

ನನ್ನ ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ಧಾರವಾಡದಲ್ಲಿ ಮನಃಶಾಸ್ತ್ರ ಓದುವಾಗ, ನಾವು ಪ್ರತಿ ಸಲ ನೆನಪಿಸಿಕೊಂಡಾಗಲೂ ನೆನಪು ಸ್ವಲ್ಪ ಬದಲಾಗುತ್ತದೆ ಎಂದು ಕಲಿತೆ. ಅಂದಿನಿಂದ "ನನಗ ನೆನಪಿದ್ದಂಗ" ಎಂದು ಸೇರಿಸದೆ ಮನೆಯಲ್ಲಿ ಯಾವ ಹಳೆಯ ಮಾತನ್ನೂ ಆಡಿಲ್ಲ. ಅಣ್ಣ ಅದನ್ನೇ ಹಿಡಿದು ಕಾಡಿಸುತ್ತಿದ್ದ. ಊಟಕ್ಕೆ ಕೂತಾಗ, "ನಿನಗ ನೆನಪಿದ್ದಂಗ, ಮುಂಜಾನೆ ಏನ್ ತಿಂದೀಪಾ?" ಎನ್ನುತ್ತಿದ್ದ.

ನನಗೆ ನೆನಪಿದ್ದಂತೆ, ಆಗ ನಾವು ಹಾವೇರಿಯಲ್ಲಿದ್ದೆವು. ಅಪ್ಪ ಯಾರೋ ಬಳಸಿದ ಕಾರು ಕೊಂಡು ತಂದಿದ್ದರು. ಆಗಲೂ ಗಾಲಿಗಳ ಲೇಪ ಹೀಗೇ ಎದ್ದಿತ್ತು. ಬಟ್ಟೆ ಸಾಬೂನು ಮಾಡಲು ಅವ್ವ ಕಾಸ್ಟಿಕ್ ಸೋಡಾ ತಂದಿಟ್ಟಿದ್ದಳು. ಸೋಡಾ ಎಲ್ಲ ಕಿತ್ತುಹಾಕುತ್ತದೆ, ಗಾಲಿ ಕನ್ನಡಿಯಾಗುತ್ತದೆ ಎಂದ ಅಣ್ಣ. ಬಕೆಟ್ಟಿನಲ್ಲಿ ಕಲಸಿ ತೆಂಗಿನ ನಾರಿನಿಂದ ಮುಂದಿನ ಎಡಗಾಲಿಗೆ ಬಳಿದೆವು. ಅದು ನೊರೆಯೆದ್ದು ಕುದಿಯಿತು, ಘಾಟು ಮೂಗಿಗೆ ಅಡರಿತು. ನೀರು ಸುರಿದು ನೋಡಿದರೆ ಬಣ್ಣ ಹೋಗಿತ್ತು, ಅದರ ಜೊತೆ ಲೋಹವೂ ಕರ್ರಗಾಗಿ, ಸಿಡುಬಿನ ಮುಖದಂತೆ ಸಣ್ಣ ಸಣ್ಣ ಕುಳಿ ಬಿದ್ದಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಅಪ್ಪ ಬಂದು ನೋಡಿ, ಯಾರು ಮಾಡಿದ್ದು ಎಂದು ಕೇಳಿದರು. ಅಣ್ಣ ಮುಂದೆ ಬಂದು, "ನಾನಽ ಮಾಡೇನಿ. ಅವ ಒಳಗ ಓದಾಕತ್ತಿದ್ದ" ಎಂದ. ಹೊಡೆತ ಅವನಿಗೆ ಬಿತ್ತು. ನಾನು ಬಾಗಿಲ ಬಳಿ ನಿಂತಿದ್ದೆ, ಅಂಗೈ ಸೋಡಾ ತಾಗಿ ಉರಿಯುತ್ತಿತ್ತು. ಆಮೇಲೆ ಅಪ್ಪ ನಾಲ್ಕೂ ಗಾಲಿಗೆ ಬಣ್ಣ ಹೊಡೆಸಿದರು. ಅಣ್ಣನ ಬಗ್ಗೆ ಯಾರು ಏನೇ ಹೇಳಿದರೂ ಆ ಒಂದು ಮಾತನ್ನು ನೆನೆದು ನಾನು ಸುಮ್ಮನಿರುತ್ತಿದ್ದೆ.

ಅಪ್ಪ ಹೋದ ಮೇಲೆ ಕಾರು ಬ್ಯಾಡಗಿಯಲ್ಲಿ ಅಣ್ಣನ ಬಳಿ ಓಡಿತು. ಪಾಲಿನ ಮಾತು ಬಂದಾಗ ನಾನು ಕೇಳಿದ್ದು ಕಾರೊಂದನ್ನೇ. ಅಪ್ಪ ಹೇಗೆ ಬಿಟ್ಟುಹೋಗಿದ್ದರೋ ಹಾಗೇ ಇದೆ, ತಗೊಂಡು ಹೋಗು ಎಂದ ಅಣ್ಣ. ರಾಣೆಬೆನ್ನೂರಿನ ನನ್ನ ಮನೆಗೆ ತಂದುಕೊಂಡೆ. ಬಣ್ಣ ತೆಗೆಯುವ ಹಿಂದಿನ ದಿನ ಅಣ್ಣನಿಗೆ ಫೋನಿನಲ್ಲಿ ಸುಮ್ಮನೆ ಹೇಳಿದೆ. "ಯಾಕ ಅದನ್ನ ಕೆರಿತಿ ತಮ್ಮಾ? ಇದ್ದ ಬಣ್ಣದ ಮ್ಯಾಲ ಹೊಡಿಸಿಬಿಡು" ಎಂದ. ನಾನು ಸೋಮಾರಿ ಎಂದು ಅವನಿಗೆ ಗೊತ್ತು, ಅದಕ್ಕೇ ಹೇಳಿರಬೇಕು ಅಂದುಕೊಂಡೆ.

ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಡಿಸಿ ತಂದು ಹಿತ್ತಲ ನೆರಳಲ್ಲಿ ಕೂತೆ. ಬಿಸಿಲಿಗೆ ಇಟ್ಟರೆ ಮದ್ದು ಬೇಗ ಒಣಗಿಬಿಡುತ್ತದೆ. ಕೈಗವಸು ಹಾಕಿಕೊಂಡು, ಬಣ್ಣ ಕೀಳುವ ಮದ್ದನ್ನು ಬ್ರಷ್ಷಿನಿಂದ ದಪ್ಪಗೆ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಪಾರದರ್ಶಕ ಲೇಪ ಹಾಲಿನ ಕೆನೆಯಂತೆ ಸುಕ್ಕಾಗಿ ಎದ್ದಿತು. ಕಬ್ಬಿಣ ತಾಗಿದರೆ ಗೀರು ಬೀಳುತ್ತದೆಂದು ಮುರಿದ ಪ್ಲಾಸ್ಟಿಕ್ ಅಳತೆಪಟ್ಟಿಯಿಂದ ಕೆರೆದೆ. ಲೇಪ, ಅದರ ಕೆಳಗೆ ಬೆಳ್ಳಿ ಬಣ್ಣ, ಅದರ ಕೆಳಗೆ ಬೂದು ಪ್ರೈಮರ್, ಅದರ ಕೆಳಗೆ ಹೊಳೆಯುವ ಲೋಹ. ಒಂದು ಕುಳಿಯಿಲ್ಲ. ಗಾಲಿಗಳನ್ನು ಅದಲು ಬದಲು ಮಾಡಿರಬಹುದೆಂದು ಉಳಿದ ಮೂರನ್ನೂ ಕೆರೆದೆ. ಎಲ್ಲವೂ ಮಗುವಿನ ಕೆನ್ನೆಯಂತೆ ನುಣುಪಾಗಿದ್ದವು. ಎರಡನೇ ಸಲ ಹೊಡೆಸಿದ ಬಣ್ಣದ ಸುಳಿವೂ ಇರಲಿಲ್ಲ.

ನಾನು ಮೊದಲು ಸಂಶಯಿಸಿದ್ದು ಅಣ್ಣನನ್ನಲ್ಲ, ನನ್ನನ್ನೇ. ಅವ್ವ ಯಾವುದೋ ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ಹಾಕಿ ಕೆಡಿಸಿದ್ದಿರಬಹುದು. ಉರಿದ ಅಂಗೈ ಬೇರೆ ಯಾವತ್ತಿನದೋ ಇರಬಹುದು. ಇದೆಲ್ಲ ಸಾಧ್ಯ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಆದರೆ ಸೋಡಾ ಸುಳ್ಳಾದರೆ ಅಣ್ಣ ನನಗಾಗಿ ತಿಂದ ಹೊಡೆತವೂ ಸುಳ್ಳಾಗುತ್ತಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಬಣ್ಣವಿಲ್ಲದ ಗಾಲಿಗಳಿಗೇ ಟೈರು ಕೂಡಿಸಿಕೊಂಡು ಭಾನುವಾರ ಬ್ಯಾಡಗಿಗೆ ಹೋದೆ. ಅಣ್ಣ ಬಾಗಿಲಲ್ಲೇ ನಿಂತು ಗಾಲಿಗಳನ್ನು ನೋಡಿ, ಬೋಳು ತಲೆಯ ಮದುಮಗನ ಹಾಗೆ ಕಾಣುತ್ತವೆ ಎಂದು ನಕ್ಕ. ಚಹಾ ಕುಡಿಯುತ್ತ ಸೋಡಾದ ಮಾತು ತೆಗೆದೆ. ಯಾವ ಸೋಡಾ ಎಂದ. ಹೇಳಿದೆ. ಬಸಿಯಲ್ಲಿದ್ದ ಚಹಾ ಮುಗಿಸಿ, ಮೀಸೆ ಒರೆಸಿಕೊಂಡು, ನಿಧಾನಕ್ಕೆ ತಲೆಯಾಡಿಸಿದ.

"ಹಂಗೇನೂ ಆಗೇ ಇಲ್ಲೋ ತಮ್ಮಾ. ಬಣ್ಣಾ ಕೆಟ್ಟಿತ್ತು, ಅಪ್ಪ ಹೊಡಿಸಿದ. ನೀ ಒಳಗ ಓದಾಕತ್ತಿದ್ದಿ, ನಿನಗೇನ್ ಗೊತ್ತು?"

ಪ್ರೀತಿಯಿಂದಲೇ ಹೇಳಿದ. ನಾನು ಒಪ್ಪಿಕೊಂಡೆ. ಇರಬಹುದು, ನನ್ನ ತಲೆಯೇ ಹಾಗೆ ಎಂದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಊಟಕ್ಕೆ ಕರೆದರು. ಕೈ ತೊಳೆಯಲು ಹಿತ್ತಲಿಗೆ ಹೋದೆ.

ಅಲ್ಲಿ ನಳ ಕೂಡಿಸಿದ ನೀರಿನ ಡ್ರಮ್ಮು ಇತ್ತು. ಕೆಳಗೆ ಬಕೆಟ್ ಹಿಡಿಯಲಿ ಎಂದು ಅದನ್ನು ಎತ್ತರಕ್ಕೆ ಇಟ್ಟಿದ್ದರು. ಎಷ್ಟೋ ಸಲ ಅಲ್ಲಿ ಕೈ ತೊಳೆದಿದ್ದೇನೆ. ಯಾವುದರ ಮೇಲೆ ಇಟ್ಟಿದ್ದಾರೆಂದು ಅವತ್ತೇ ನೋಡಿದ್ದು. ಒಂದರ ಮೇಲೊಂದು ಕಾರಿನ ಎರಡು ಗಾಲಿಗಳು. ಸದಾ ನೀರು ಸೋರಿ ಮೇಲಿನದರ ಬಣ್ಣ ತಾನಾಗಿಯೇ ಉದುರಿತ್ತು. ಕಪ್ಪು ಲೋಹ. ಬೆರಳಿಟ್ಟು ನೋಡಿದೆ. ಕುಳಿಗಳು.

ವೈನಿ ಟವೆಲ್ ಹಿಡಿದು ಬಂದರು. ಏನು ನೋಡುತ್ತಿದ್ದೇನೆಂದು ತಿಳಿಯದೆ ಸಹಜವಾಗಿಯೇ ಹೇಳಿದರು: "ಮಾವಾರ ಗಾಡಿದು ಅವು. ಒಂದು ಗಾಲಿ ರಸ್ತೆ ಗುಂಡ್ಯಾಗ ಬಿದ್ದು ಸೀಳಿತ್ರಿ. ಇವರು ನಾಕೂ ತಗಸಿ, ಹುಬ್ಬಳ್ಳಿ ಗುಜರಿ ಅಂಗಡ್ಯಾಗ ಬ್ಯಾರೇ ತಂದು ಹಾಕಿಸ್ಯಾರ."

ಅಣ್ಣ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ. ವೈನಿ ನಮ್ಮಿಬ್ಬರ ಮುಖ ನೋಡಿ ಟವೆಲ್ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಗಾಲಿ ಬದಲಿಸಿದ್ದಕ್ಕೆ ನನಗೇನೂ ಅನ್ನಿಸಿರಲಿಲ್ಲ. ಸೀಳಿದ ಗಾಲಿಯಲ್ಲಿ ಯಾರು ಓಡಾಡುತ್ತಾರೆ? ಅದನ್ನೇ ಹೇಳಬಹುದಿತ್ತಲ್ಲ, ಸೋಡಾ ಇರಲೇ ಇಲ್ಲ ಎಂದು ಯಾಕೆ ಹೇಳಿದೆ ಎಂದು ಕೇಳಿದೆ.

"ಅಪ್ಪನ ಗಾಡಿ ಅಂತ ಹಂಬಲಿಸಿ ಒಯ್ದಿದ್ದಿ, ಬ್ಯಾಸರ ಮಾಡ್ಕೋತಿ ಅಂತ ಹೇಳಲಿಲ್ಲ" ಎಂದ. ಆಮೇಲೆ ನೆಲ ನೋಡುತ್ತ, "ನಿನಗ ನಿನ್ನ ನೆನಪಿನ ಮ್ಯಾಲ ನಂಬಿಗೀನ ಇಲ್ಲಲ್ಲ. ನಡೀತೈತಿ ಅಂದ್ಕೊಂಡೆ."

ಒಳಗಿನಿಂದ ಬಿಸಿ ರೊಟ್ಟಿ ಆರುತ್ತಿದೆ ಎಂದು ವೈನಿ ಮತ್ತೆ ಕೂಗಿದರು. ಇಬ್ಬರೂ ಕದಲಲಿಲ್ಲ. ಕೇಳಬಾರದಿತ್ತು, ಕೇಳಿದೆ. ಅವತ್ತು ಅಪ್ಪ ಬಂದಾಗ ನೀನು ಏನು ಹೇಳಿದೆ?

ಅಣ್ಣ ಒಂದು ಕ್ಷಣವೂ ತಡೆಯಲಿಲ್ಲ. "ನಾನಽ ಮಾಡೇನಿ ಅಂದೆ. ನೀ ಒಳಗ ಓದಾಕತ್ತಿದ್ದಿ ಅಂದೆ. ಹೊಡ್ತಾ ತಿಂದೆ. ಮರ್ತಿಲ್ಲ ನಾ."

ನನ್ನ ನೆನಪಿನಲ್ಲಿದ್ದ ಮಾತುಗಳೇ, ಒಂದಕ್ಷರ ವ್ಯತ್ಯಾಸವಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಚಹಾ ಕುಡಿಯುತ್ತ ನನ್ನನ್ನು ಸುಳ್ಳಾಗಿಸಿದ ದನಿಯೂ ಇದೇ, ಇದೇ ಸಲೀಸು. ಅಪ್ಪನೆದುರು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದನ್ನು ನಾನು ಇಷ್ಟು ವರ್ಷ ಬರೀ ಪ್ರೀತಿ ಎಂದು ಎಣಿಸಿದ್ದೆ. ಪ್ರೀತಿಯೂ ಇದ್ದಿರಬಹುದು. ಆದರೆ ಅದಕ್ಕೆ ಈಗ ಸಾಕ್ಷಿ ಹೇಳಬಲ್ಲವನು ಅವನೊಬ್ಬನೇ, ಅವನ ಮಾತನ್ನು ನಂಬುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಊಟ ಮಾಡಿದೆ. ಹೊರಡುವಾಗ, ಬೇಕಾದರೆ ಆ ಗಾಲಿ ಒಯ್ಯಿ, ಡ್ರಮ್ಮಿನ ಕೆಳಗೆ ಇಟ್ಟಿಗೆ ಇಡುತ್ತೇನೆ ಎಂದ. ಡ್ರಮ್ಮು ತುಂಬಿತ್ತು. ಇರಲಿ ಬಿಡು ಎಂದೆ.